ಕೊನೆಯ ಪ್ಯಾರಾದಲ್ಲಿದ್ದ ಬೀಗ

ನಾನು ಸುದ್ದಿ ಬರೆಯಲು ಕಲಿತ ಕಾಲದಲ್ಲಿ ವರದಿಯ ಬಾಲಕ್ಕೆ ಬೆಲೆ ಇರಲಿಲ್ಲ. ಮುಖ್ಯವಾದದ್ದು ಮೊದಲ ವಾಕ್ಯದಲ್ಲಿ, ಅದಕ್ಕಿಂತ ಕಡಿಮೆಯದು ಎರಡನೆಯದರಲ್ಲಿ. ಹೀಗೆ ಇಳಿಯುತ್ತ ಹೋಗಿ, ಇದ್ದರೂ ಆದೀತು ಇಲ್ಲದಿದ್ದರೂ ಆದೀತು ಎನ್ನುವಂಥದ್ದನ್ನು ಕೊನೆಯ ಪ್ಯಾರಾಕ್ಕೆ ತಳ್ಳಬೇಕು. ಕೊನೆ ಗಳಿಗೆಯಲ್ಲಿ ಪುಟಕ್ಕೆ ಜಾಹೀರಾತು ಬಂದರೆ ಸುದ್ದಿ ತಿದ್ದುವ ಡೆಸ್ಕಿನಲ್ಲಿ ಕೂತವರಿಗೆ ಪೂರ್ತಿ ಓದುವ ವ್ಯವಧಾನ ಇರುವುದಿಲ್ಲ. ಕೆಳಗಿನಿಂದ ಎಷ್ಟು ಬೇಕೋ ಅಷ್ಟು ಕತ್ತರಿಸುತ್ತಾರೆ. ಈ ಕ್ರಮ ಇಂದಿಗೂ ಬದಲಾಗಿಲ್ಲ. ಕತ್ತರಿ ಹೋಗಿ ಕಂಪ್ಯೂಟರಿನ ಗುಂಡಿ ಬಂದಿದೆ, ಅಷ್ಟೆ.

ಹುಬ್ಬಳ್ಳಿಯಲ್ಲಿ ಅಚ್ಚಾಗುತ್ತಿದ್ದ ಒಂದು ದಿನಪತ್ರಿಕೆಗಾಗಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳನ್ನು ಮೂವತ್ತೊಂದು ವರ್ಷ ಸುತ್ತಿದ್ದೇನೆ. ಯಾವ ವರ್ಷ ಹಿರಿಯ ವರದಿಗಾರನಾದೆ, ಯಾರು ಹಾರ ಹಾಕಿದರು ಎಂಬುದು ಯಾರಿಗೂ ಉಪಯೋಗವಿಲ್ಲ. ಈಗ ಈ ಕೆಲಸಕ್ಕೆ ಬರುತ್ತಿರುವವರಿಗೆ ಹೇಳಬೇಕಾದದ್ದು ನನ್ನ ಬಳಿ ಒಂದೇ ಇದೆ. ಅದನ್ನು ಹೇಳುವಾಗ ಇವತ್ತಿಗೂ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೆಯೇ.

ಮೊದಲ ವರ್ಷಗಳಲ್ಲಿ ಸುದ್ದಿಯನ್ನು ಕೈಯಲ್ಲಿ ಬರೆದು, ಲಕೋಟೆಗೆ ಹಾಕಿ, ಮಧ್ಯಾಹ್ನದ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಒಬ್ಬ ಕಂಡಕ್ಟರ್ ಲಕೋಟೆಯನ್ನು ಕೈಯಲ್ಲಿ ತೂಗಿ ನೋಡಿ ದಿನವೂ ಕೇಳುತ್ತಿದ್ದ: "ಇವತ್ತ ಎಷ್ಟ ಮಂದೀನ ಸಾಯ್ಸೀರಿ ಸರ? ಭಾಳ ವಜ್ಜಿ ಐತಿ." ಅವನ ಚೇಷ್ಟೆಗೆ ನಾನೂ ನಗುತ್ತಿದ್ದೆ. ಸಾವಿನ ಸುದ್ದಿ ದಪ್ಪಗಿರುತ್ತದೆ, ಸಾವಿಗೆ ಮೊದಲಿನ ಸುದ್ದಿ ಇರುವುದೇ ಇಲ್ಲ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಒಮ್ಮೆ ಕದರಮಂಡಲಗಿಯ ಹನುಮಪ್ಪನ ದರ್ಶನ ಮುಗಿಸಿ ಬರುತ್ತಿದ್ದವರ ಟೆಂಪೊ ಹಳ್ಳಕ್ಕೆ ಉರುಳಿತು. ಯಾರೂ ಸಾಯಲಿಲ್ಲ, ಗಾಯಾಳುಗಳು ಹಲವರು. ಟೆಂಪೊ ಹೇಗೆ ಉರುಳಿತು, ಎಷ್ಟು ಸಲ ಪಲ್ಟಿ ಹೊಡೆಯಿತು ಎಂದು ಚಂದಗೆ ಬರೆದು, ಗಾಯಗೊಂಡವರ ಹೆಸರುಗಳನ್ನೂ ಅವರನ್ನು ಸೇರಿಸಿದ ಆಸ್ಪತ್ರೆಯನ್ನೂ ಕೊನೆಗೆ ಹಾಕಿದೆ. ಪತ್ರಿಕೆಯಲ್ಲಿ ಪಲ್ಟಿ ಹೊಡೆದದ್ದು ಬಂತು, ಹೆಸರುಗಳು ಬರಲಿಲ್ಲ. ಮರುದಿನ ಮೂರು ಊರಿನ ಜನ, ತಮ್ಮವರು ಇದ್ದಾರೋ ಹೋದರೋ ತಿಳಿಯದೆ, ಹಾವೇರಿಯ ಒಂದೊಂದೇ ಆಸ್ಪತ್ರೆಯ ಮುಂದೆ ಅಳುತ್ತ ಅಲೆದರು. ನಮ್ಮ ಡೆಸ್ಕಿನ ಮುಖ್ಯಸ್ಥ ಶ್ರೀಪಾದರಾಯರಿಗೆ ಫೋನ್ ಮಾಡಿ ಕೂಗಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದರು: "ಹೆಸರು ಬಾಲದಾಗ ಇಟ್ಟಾಂವ ನೀನಪಾ. ಕತ್ತರಿ ಅಷ್ಟ ನಂದು."

ಅವರು ಹೇಳಿದ್ದು ಸರಿಯಿತ್ತು. ಆ ಮಾತನ್ನು ಬಹಳ ವರ್ಷ ನೆನಪಿಟ್ಟುಕೊಂಡೆ. ನೆನಪಿಡಲೇಬೇಕಾಗಿದ್ದ ಒಂದು ದಿನ ಮರೆತೆ. ಮರೆತೆ ಎಂದು ಬರೆದರೆ ಸುಳ್ಳಾದೀತು. ಮರೆತಂತೆ ನಡೆದುಕೊಂಡೆ.

ಇನ್ನೊಂದು ಪಾಠ ಗಳಗನಾಥದ ಕಡೆ ಕಲಿತದ್ದು. ಹೊಳೆಯಲ್ಲಿ ಹರಿಗೋಲು ಮುಳುಗಿ ಇಬ್ಬರು ಹೋದರು. ಠಾಣೆಯಿಂದ ಬಂದ ಟಿಪ್ಪಣಿಯಲ್ಲಿ 'ಆಕಸ್ಮಿಕ' ಎಂದಿತ್ತು. ಹಾಗೆಯೇ ಕಳಿಸಿದೆ. ಎರಡು ದಿನದ ನಂತರ ಅಲ್ಲಿಗೆ ಹೋದರೆ ದಡದಲ್ಲಿ ಬೋರಲಾಗಿ ಬಿದ್ದಿದ್ದ ಹರಿಗೋಲಿನ ತಳದಲ್ಲಿ ಅಂಗೈಯಗಲದ ಮೂರು ತೇಪೆ ಕಂಡವು. ಒಂದು ತೇಪೆ ಕಿತ್ತು ಜೋತಾಡುತ್ತಿತ್ತು. ಅಂದಿನಿಂದ ಟಿಪ್ಪಣಿ ನಂಬಿ ಬರೆಯುವುದನ್ನು ಬಿಟ್ಟೆ, ಜಾಗಕ್ಕೆ ಹೋಗದೆ ಒಂದು ಸಾಲೂ ಬರೆಯಲಿಲ್ಲ. ಆದರೆ ಜಾಗಕ್ಕೆ ಹೋಗಿ ಕಣ್ಣಾರೆ ಕಂಡದ್ದನ್ನು ಎಲ್ಲಿ ಇಡುತ್ತೇವೆ ಎಂಬುದು ಬೇರೆಯೇ ವಿಷಯ.

ಇನ್ನು ಪ್ರಭಾಕರನ ವಿಚಾರ.

ಬ್ಯಾಡಗಿಯ ಹೊರವಲಯದಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜುಗಳಿವೆ. ಅವುಗಳಲ್ಲಿ ಒಂದರಲ್ಲಿ ಪ್ರಭಾಕರ ಯಂತ್ರದ ಆಪರೇಟರ್ ಆಗಿದ್ದ. ರಾಣೆಬೆನ್ನೂರಿನ ಒಂದು ಸಣ್ಣ ಕ್ರೈಸ್ತ ಸಭೆಗೆ ಸೇರಿದವನು, ದಿನವೂ ಪ್ಯಾಸೆಂಜರ್ ರೈಲಿಗೆ ಬಂದು ಹೋಗುತ್ತಿದ್ದ. ಯಂತ್ರದ ಕೋಣೆಯ ಪಕ್ಕದ ಹಾಲಿನಲ್ಲಿ ಹನ್ನೊಂದು ಹೆಂಗಸರು ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಆ ಹಾಲಿಗೆ ಎರಡು ಬಾಗಿಲು. ಮುಂದಿನದು ಯಂತ್ರದ ಕೋಣೆಯನ್ನು ಹಾದು ಹೊರಗೆ ಬರುತ್ತದೆ. ಹಿಂದಿನದು ನೇರ ಅಂಗಳಕ್ಕೆ ತೆರೆಯುತ್ತದೆ. ಹೆಂಗಸರು ಸೆರಗಿನಲ್ಲಿ ಕಾಯಿ ಕಟ್ಟಿಕೊಂಡು ಹೋಗುತ್ತಾರೆ ಎಂಬ ಅನುಮಾನದಿಂದ ಮ್ಯಾನೇಜರ್ ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಸುತ್ತಿದ್ದ. ಕೀಲಿಕೈ ಸದಾ ಅವನ ಕಿಸೆಯಲ್ಲಿ.

ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಹರಾಜಿನ ಟೆಂಡರ್ ಇದ್ದ ಒಂದು ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಯಂತ್ರದ ಕೋಣೆಯಲ್ಲಿ ಅಮೋನಿಯಾ ಗ್ಯಾಸಿನ ಕೊಳವೆ ಒಡೆಯಿತು. ಪ್ರಭಾಕರ ಬಾಗಿಲ ಹತ್ತಿರವೇ ಇದ್ದ, ಓಡಿ ಹೊರಗೆ ಬಂದ. ಅವನು ಬದುಕಿದ್ದ ಎಂಬುದನ್ನು ಗಮನಿಸಿ. ಹಿಂದಿನಿಂದ ಹೆಂಗಸರು ಬಾಗಿಲು ಬಡಿಯುವುದು ಕೇಳಿತು. ಸುತ್ತುಹಾಕಿ ಅಲ್ಲಿಗೆ ಓಡಿದ. ಬೀಗ. ಮ್ಯಾನೇಜರ್ ಮಾರುಕಟ್ಟೆಯಲ್ಲಿದ್ದ. ಪ್ರಭಾಕರ ಕಲ್ಲೆತ್ತಿ ಬೀಗಕ್ಕೆ ಹೊಡೆದ, ಒಡೆಯಲಿಲ್ಲ. ಆಗ ಒದ್ದೆ ಗೋಣಿಚೀಲ ತಲೆಗೆ ಹೊದ್ದು ಮುಂದಿನ ಬಾಗಿಲಿನಿಂದ ಗ್ಯಾಸಿನೊಳಗೆ ಹೋದ. ಐದು ಹೆಂಗಸರನ್ನು ಒಬ್ಬರ ಸೆರಗು ಒಬ್ಬರ ಕೈಯಲ್ಲಿ ಹಿಡಿಸಿ ಹೊರಗೆ ತಂದ. ಮತ್ತೆ ಹೋಗಿ ಇನ್ನೈವರನ್ನು ತಂದ. ಉಳಿದವಳು ಮಾಬೂಬಿ, ಮೊಣಕಾಲು ನೋವಿನ ಹೆಂಗಸು. ಮೂರನೇ ಸಲ ಹೋಗುವ ಮೊದಲು ಯಾರೋ ಆಫೀಸಿನಿಂದ ಗ್ಯಾಸ್ ತಡೆಯುವ ಮಾಸ್ಕ್ ತಂದು ಕೊಟ್ಟರು. ಇದ್ದದ್ದು ಒಂದೇ. ಮಾಬೂಬಿ ಹೊರಗೆ ಬಂದಾಗ ಆ ಮಾಸ್ಕ್ ಅವಳ ಮುಖದ ಮೇಲಿತ್ತು. ಪ್ರಭಾಕರ ಹೊಸ್ತಿಲ ಒಳಗೇ ಬಿದ್ದಿದ್ದ.

ನಾನು ಹಾವೇರಿಯಿಂದ ಅಲ್ಲಿಗೆ ಹೋದಾಗ ಶವವನ್ನು ಆಗಲೇ ಒಯ್ದಿದ್ದರು. ಆಸ್ಪತ್ರೆಗೆ ಹೋದೆ. ವರಾಂಡದಲ್ಲಿ ಮಾಬೂಬಿ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಕೆಂಡದಂತಾಗಿದ್ದವು.

"ನಾ ಬ್ಯಾಡಂದೆ ಅಣ್ಣಾ. 'ಪಾಸ್ಟರಪ್ಪಾ, ನಿನ್ನ ಮಕಕ್ಕ ಹಾಕ್ಕೋ, ನನ್ನ ಕೈ ಹಿಡದು ಎಳಿ' ಅಂದೆ. ಕೇಳಲಿಲ್ಲ. ಹಾಕೇಬಿಟ್ಟ."

"ಪಾಸ್ಟರಪ್ಪ ಅಂದ್ರ?"

"ನಾವು ಚೇಷ್ಟಾ ಮಾಡಿ ಕರೀತಿದ್ವಿ. ಮಷೀನಿನ ಮುಂದ ನಿಂತು ಹಾಡ್ತಿದ್ದ, ದೇವರ ಹಾಡು. ಒಮ್ಮೆ ಕೇಳಿದ್ದೆ, 'ನಿಮ್ಮ ದೇವರು ಅಷ್ಟ ದೊಡ್ಡಾಂವ ಇದ್ರ ಯಾಕ ಸತ್ತ?' ಅಂತ. 'ನಮ್ಮ ಪಾಳಿ ಅವ ಮಾಡಿದ ಮಾಬೂಬಿ, ನಮ್ಮ ಡ್ಯೂಟಿ ಅವ ಮಾಡಿ ಹೋದ' ಅಂದ. ನಾವೆಲ್ಲಾ ನಕ್ಕಿದ್ವಿ. ಡ್ಯೂಟಿ ಅಂತ, ದೇವರಿಗೆ." ಅವಳಿಗೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಅತ್ತಳು.

ಅಲ್ಲಿಂದ ನೇರವಾಗಿ ಸ್ಟೋರೇಜಿನ ಹಿಂದಕ್ಕೆ ಹೋದೆ. ಬೀಗ ಇನ್ನೂ ಬಾಗಿಲಿಗಿತ್ತು. ಅಂಗೈಯಷ್ಟು ಅಗಲದ ಕಬ್ಬಿಣದ ಬೀಗ, ಅದರ ಮೈಮೇಲೆ ಕಲ್ಲಿನ ಏಟಿನ ಬಿಳಿ ಗುರುತುಗಳು. ಕಲ್ಲು ಬಾಗಿಲ ಬುಡದಲ್ಲೇ ಬಿದ್ದಿತ್ತು. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದೆ, ಮಂಜಾಗಿ ಬಂತು. ಎರಡನೆಯದು ತೆಗೆಯುವಷ್ಟರಲ್ಲಿ ಕಾವಲುಗಾರ ಬಂದು ಓಡಿಸಿದ. ಸಂಜೆಯ ಹೊತ್ತಿಗೆ ಬೀಗ ಅಲ್ಲಿರಲಿಲ್ಲ ಎಂದು ಆಮೇಲೆ ತಿಳಿಯಿತು.

ವರದಿ ಬರೆಯಲು ಕೂತೆ. ಮೂರು ಸಲ ಒಳಗೆ ಹೋದವನು, ತನ್ನ ಉಸಿರನ್ನು ಇನ್ನೊಬ್ಬಳಿಗೆ ಕೊಟ್ಟವನು. ಅಂಥ ಮೊದಲ ವಾಕ್ಯ ವರದಿಗಾರನಿಗೆ ಜೀವಮಾನದಲ್ಲಿ ಒಂದೆರಡು ಸಲ ಸಿಗುತ್ತದೆ. ಅದನ್ನೇ ಬರೆದೆ. ಬೀಗದ ವಿಚಾರಕ್ಕೆ ಬಂದಾಗ ಕೈ ನಿಧಾನವಾಯಿತು. ಮ್ಯಾನೇಜರ್ ಫೋನ್ ಎತ್ತುತ್ತಿರಲಿಲ್ಲ. ಪೊಲೀಸರು 'ತನಿಖೆ ನಡೆದಿದೆ' ಎಂದಿದ್ದರು. ಮಾಲೀಕರು ಊರಿನಲ್ಲಿ ದೊಡ್ಡವರು. ನಾನು ಕಣ್ಣಾರೆ ಕಂಡಿದ್ದ ಬೀಗವನ್ನು 'ಹಾಕಲಾಗಿತ್ತು ಎನ್ನಲಾಗಿದೆ' ಎಂದು ಬರೆದು ಕೊನೆಯ ಪ್ಯಾರಾದಲ್ಲಿ ಇಟ್ಟೆ. ಎಚ್ಚರಿಕೆ ಎಂದು ನನಗೆ ನಾನೇ ಹೇಳಿಕೊಂಡೆ. ನಮ್ಮ ವೃತ್ತಿಯಲ್ಲಿ ಅಂಜಿಕೆಗೆ ಎಚ್ಚರಿಕೆ ಎಂಬ ಹೆಸರು ಬಹಳ ಸುಲಭವಾಗಿ ಹೊಂದುತ್ತದೆ.

ಆ ದಿನ ಪುಟಕ್ಕೆ ಒಂದು ಸೀರೆ ಅಂಗಡಿಯ ಜಾಹೀರಾತು ಬಂತು. ಕೊನೆಯ ಎರಡು ಪ್ಯಾರಾ ಹೋದವು.

'ಹನ್ನೊಂದು ಜೀವ ಉಳಿಸಿ ತಾನು ಬಲಿಯಾದ' ಎಂಬ ತಲೆಬರಹ ಮೂರು ಕಾಲಂ ಅಗಲಕ್ಕೂ ಬಂತು. ಸಂಪಾದಕರು ತಾವಾಗಿ ಫೋನ್ ಮಾಡಿ ಮೆಚ್ಚಿದರು. ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಬ್ಯಾಡಗಿಯ ಚಹಾದಂಗಡಿಯಲ್ಲಿ ಯಾರೋ ಗಟ್ಟಿಯಾಗಿ ಓದಿದರಂತೆ, ಕೇಳಿದವರು ಕಣ್ಣೊರೆಸಿಕೊಂಡರಂತೆ. ಬೀಗ ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಬೀಗ ಇತ್ತೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ಶ್ರೀಪಾದರಾಯರಿಗೆ ಫೋನ್ ಮಾಡಲಿಲ್ಲ. ಅವರು ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು.

ಕೆಲವು ತಿಂಗಳ ನಂತರ ಹಾವೇರಿಯ ನಮ್ಮ ಕಚೇರಿಗೆ ಒಬ್ಬ ಹೆಂಗಸು ಬಂದಳು. ಬಿಳಿ ಸೀರೆ, ಕೈಯಲ್ಲಿ ಬಟ್ಟೆಯ ಚೀಲ.

"ಬ್ಯಾಡಗಿ ಕೋಲ್ಡ್ ಸ್ಟೋರೇಜಿನ್ಯಾಗ ತೀರಿಕೊಂಡ್ರಲ್ಲ ಸರ, ಅವರ ಮನಿಯಾಕಿ ನಾ. ಎಸ್ತೇರಮ್ಮ ಅಂತ."

"ಕುಂದ್ರಿ ಅಕ್ಕಾರ" ಎಂದೆ. ಕೂಡಲಿಲ್ಲ. ಚೀಲದಿಂದ ಗಾಜು ಹಾಕಿಸಿದ ಒಂದು ಚೌಕಟ್ಟನ್ನು ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ನನ್ನ ವರದಿ.

"ಇದನ್ನ ಸ್ಟೋರೇಜಿನವರು ಕಟ್ಟು ಹಾಕ್ಸಿ ಮನೀಗೆ ತಂದು ಕೊಟ್ರು. ನಾ ನೂರು ಸಲ ಓದೇನಿ. ಇದರಾಗ ಬೀಗ ಎಲ್ಲೈತ್ರಿ?"

"ಬರದಿದ್ದೆ ಅಕ್ಕಾರ. ಹುಬ್ಬಳ್ಳಿಯೊಳಗ ಕತ್ತರಿಸಿದ್ರು."

"ಬರದದ್ದು ಹೆಂಗ ಹೋತ್ರಿ?"

"ಕೊನೀ ಪ್ಯಾರಾದಾಗಿತ್ತು. ಜಾಗಾ ಸಾಲಲಿಲ್ಲ."

ಅವಳು ಚೌಕಟ್ಟಿನ ಗಾಜಿನ ಮೇಲೆ ಬೆರಳಿಟ್ಟಳು. "ಅವರು ಮೂರು ಸಲ ಒಳಗ ಹೋದದ್ದಕ್ಕ ಇಷ್ಟುದ್ದ ಜಾಗಾ ಐತಿ. ಯಾಕ ಹೋಗಬೇಕಾತು ಅನ್ನೂದಕ್ಕ ಜಾಗಾ ಇಲ್ಲೇನ್ರಿ?"

ಅವಳು ಹೇಳುತ್ತ ಹೋದಳು. ತನಿಖೆ ಮುಗಿದಿತ್ತು. ಹಿಂಬಾಗಿಲು ಯಾವತ್ತೂ ತೆರೆದೇ ಇರುತ್ತಿತ್ತು ಎಂದು ಮ್ಯಾನೇಜರ್ ಹೇಳಿಕೆ ಕೊಟ್ಟಿದ್ದ. ಕೆಲಸ ಹೋಗುವ ಭಯಕ್ಕೆ ಹೆಂಗಸರು ಸುಮ್ಮನಿದ್ದರು, ಮಾಬೂಬಿಯೊಬ್ಬಳನ್ನು ಬಿಟ್ಟು. ಗ್ಯಾಸಿನಲ್ಲಿ ತಲೆ ಸುತ್ತಿದವಳ ಮಾತು ಎಂದು ಅವಳ ಹೇಳಿಕೆಯನ್ನು ಪಕ್ಕಕ್ಕಿಟ್ಟರು. ಬೀಗದ ಬಗ್ಗೆ ಪತ್ರಿಕೆಯಲ್ಲೂ ಬಂದಿಲ್ಲ ಎಂದು ಕಡತಕ್ಕೆ ನನ್ನ ವರದಿಯನ್ನೇ ಲಗತ್ತಿಸಿದ್ದರು. ಕಂಪನಿಯ ಪರವಾದ ಸಾಕ್ಷಿ ನಾನು.

"ಆತು, ಅದು ಹೋಗ್ಲಿ ಬಿಡ್ರಿ" ಎಂದಳು ಎಸ್ತೇರಮ್ಮ. "ಹೋದವರು ಬರೂದಿಲ್ಲ. ಈಗ ಮತ್ತ ಬೀಗ ಹಾಕಾಕತ್ತಾರ. ಮಾಬೂಬಿ ನಮ್ಮನಿಗೆ ಬಂದು ಅತ್ತು ಹೇಳಿ ಹೋದ್ಳು. ಆ ಹನ್ನೊಂದು ಮಂದೀನೂ ಅಲ್ಲೇ ಅದಾರ, ಹೊಟ್ಟಿ ಕೇಳಬೇಕಲ್ಲ. ನನ್ನ ಗಂಡ ಯಾರನ್ನ ಹೊರಗ ತಂದು ತಾ ಸತ್ತನೋ, ಅವರನ್ನಽ ಮತ್ತ ಒಳಗ ಹಾಕಿ ಬೀಗ ಜಡದಾರ. ನಾಳೆ ಇನ್ನೊಮ್ಮೆ ಕೊಳವಿ ಒಡದ್ರ ಮತ್ತೊಬ್ಬ ಪ್ರಭಾಕರ ಎಲ್ಲಿಂದ ಬರ್ಬೇಕ್ರಿ?"

ಅವಳು ಕೇಳಿದ್ದು ಒಂದನ್ನೇ. ಬೀಗದ ಸುದ್ದಿ ಬರಬೇಕು, ಬೀಗ ತೆಗೆಯಬೇಕು. ತನಗಾಗಿ ಏನನ್ನೂ ಕೇಳಲಿಲ್ಲ.

ನಾನು ಸಮಾಧಾನ ಹೇಳಲು ಹೋದೆ. ಇವತ್ತಿಗೂ ನಾಚಿಕೆಯಾಗುವ ಮಾತು ಅದು. "ಅವರು ಮಾಡಿದ್ದು ದೊಡ್ಡ ಬಲಿದಾನ ಅಕ್ಕಾರ. ನಿಮ್ಮ ಧರ್ಮದೊಳಗೂ ಅದಽ ಅಲ್ಲೇನ್ರಿ?"

ಅವಳು ನನ್ನನ್ನು ನೇರವಾಗಿ ನೋಡಿದಳು. "ಅಲ್ಲಾ ಸರ, ಏಸುಸ್ವಾಮಿ ನಮ್ಮ ಸಲುವಾಗಿ ಜೀವಾ ಕೊಟ್ಟ. ಖರೇ. ತಾನಾಗಿ ಕೊಟ್ಟ, ಅದೂ ಖರೇ. ಹಂಗಂತ ಮೊಳೀ ಹೊಡದವರಿಗೆ ಶಾಲು ಹೊಚ್ಚಿ ಕಳಸ್ತಾರೇನ್ರಿ? ಕೊಟ್ಟದ್ದು ಅವನ ದೊಡ್ಡಸ್ತಿಕಿ. ಹೊಡದದ್ದು ಅವರ ತಪ್ಪು. ನೀವು ಎರಡೂ ಕೂಡ್ಸಿ ಒಂದಽ ಬರದುಬಿಟ್ರಿ."

ಚೌಕಟ್ಟನ್ನು ಮೇಜಿನ ಮೇಲೆಯೇ ಬಿಟ್ಟು ಹೋದಳು.

ಮೂವತ್ತೊಂದು ವರ್ಷದಲ್ಲಿ ಮಠಗಳಲ್ಲಿ, ಮಸೀದಿಗಳಲ್ಲಿ, ಚರ್ಚುಗಳಲ್ಲಿ ತ್ಯಾಗದ ಮೇಲೆ ಸಾವಿರ ಭಾಷಣ ಕೇಳಿ ವರದಿ ಮಾಡಿದ್ದೇನೆ. ಇಷ್ಟು ಸ್ಪಷ್ಟವಾದದ್ದನ್ನು ಕೇಳಿರಲಿಲ್ಲ.

ಶ್ರೀಪಾದರಾಯರಿಗೆ ಫೋನ್ ಮಾಡಿ ಕಡತದ ವಿಚಾರ ಹೇಳಿದೆ, ಹಿಂದಿನ ವರದಿಗೆ ತಪ್ಪೊಪ್ಪಿಗೆ ಹಾಕಬೇಕೆಂದೆ. ಅವರಿಗೂ ನಿವೃತ್ತಿ ಹತ್ತಿರವಿತ್ತು.

"ಹಳೇ ಸುದ್ದಿಯಪಾ" ಎಂದರು. "ಹೊಸದೇನದ ಹೇಳು."

"ಬೀಗ ಮತ್ತ ಹಾಕ್ಯಾರ."

"ಯಾರು ಹೇಳಿದ್ದು? ಆ ತಲಿ ಸುತ್ತಿದಾಕಿನಽ? ತಪ್ಪೊಪ್ಪಿಗೆ ಹಾಕಿದ್ರ ಸ್ಟೋರೇಜಿನವರ ವಕೀಲರು ನಮ್ಮ ಮನೀ ಬಾಗಲಕ್ಕ ಬರ್ತಾರ. ಹೊಸಾ ಕಾರಣ ತಗೊಂಡು ಬಾ, ಹಾಕೋಣ."

ಕಾರಣವನ್ನು ಸ್ಟೋರೇಜಿನವರೇ ಒದಗಿಸಿದರು. ಪ್ರಭಾಕರನ ನೆನಪಿಗೆ ಅಂಗಳದಲ್ಲಿ ಕಲ್ಲಿನ ಫಲಕ ನಿಲ್ಲಿಸಿ, ಊರಿನ ಮುಖಂಡರೊಬ್ಬರಿಂದ ಅನಾವರಣ ಮಾಡಿಸುವ ಆಮಂತ್ರಣ ಪತ್ರಿಕೆ ನನಗೂ ಬಂತು. 'ತ್ಯಾಗಜೀವಿ' ಎಂಬ ಪದ ದಪ್ಪ ಅಕ್ಷರದಲ್ಲಿತ್ತು. ನನ್ನ ವರದಿಯ ಎರಡನೇ ಪ್ಯಾರಾದಿಂದ ಎತ್ತಿದ್ದ ಪದ.

ಪ್ರಾರ್ಥನೆ ಮಾಡಲು ಪ್ರಭಾಕರನ ಸಭೆಯ ಪಾಸ್ಟರ್, ರಾಣೆಬೆನ್ನೂರಿನ ಸಭಾಪಾಲಕರನ್ನು ಕರೆದಿದ್ದರು. ಮೊದಲೇ ಹೋಗಿ ಅವರನ್ನು ಕಂಡೆ. ಎಪ್ಪತ್ತರ ಹತ್ತಿರದ ತೆಳ್ಳನೆಯ ಮನುಷ್ಯ.

"ಎಸ್ತೇರಮ್ಮ ನನಗೂ ಹೇಳ್ಯಾಳ್ರಿ" ಎಂದರು. "ನಮ್ಮ ಸಭಾ ಅಂದ್ರ ಇಪ್ಪತ್ತು ಮನಿ. ದೊಡ್ಡವರ ಕೂಡ ಜಗಳಾ ತಗದು ನಾವೆಲ್ಲಿ ಇರ್ಬೇಕ್ರಿ? ಪ್ರಾರ್ಥನಿ ಮಾಡಿ ಬಂದುಬಿಡ್ತೇನಿ." ಆಮೇಲೆ ಕೇಳಿದರು: "ನೀವು ಆ ಬೀಗ ಖರೇನಽ ನೋಡೀರಿ?"

"ನೋಡೇನಿ. ಕಲ್ಲಿನ ಪೆಟ್ಟಿನ ಗುರುತೂ ನೋಡೇನಿ."

"ಮತ್ತ ಬರೀಲಿಲ್ಲ."

"ಬರದೆ. ಕಡೀಕ ಬರದೆ."

"ನಾನೂ ಹಂಗಽ ಮಾಡೇನ್ರಿ" ಎಂದರು. "ಮಣ್ಣು ಮಾಡೂ ದಿನಾ ಅರ್ಧಾ ತಾಸು ಅವನ ಪ್ರೀತಿ ಬಗ್ಗೆ ಮಾತಾಡಿದೆ. ಬೀಗದ ಮಾತು ನಾಲಿಗಿ ತುದೀಗೆ ಬಂದಿತ್ತು. ಆಮೆನ್ ಅಂದುಬಿಟ್ಟೆ."

ಕಾರ್ಯಕ್ರಮದ ದಿನ ಅಂಗಳದಲ್ಲಿ ಶಾಮಿಯಾನ, ಕುರ್ಚಿಗಳು, ಮೈಕು. ಆರೆಂಟು ಜನ ವರದಿಗಾರರು, ಫೋಟೊ ತೆಗೆಯುವವರು. ಮುಖಂಡರು ಮಾತಾಡಿದರು. ಮಾಲೀಕರೂ ಮೈಕು ಹಿಡಿದರು. ಪ್ರಭಾಕರನಂಥವರಿಂದಲೇ ಮಳೆ ಬೆಳೆ ಎಂದರು. ಆಮೇಲೆ ಎಸ್ತೇರಮ್ಮನನ್ನು ವೇದಿಕೆಗೆ ಕರೆದರು. ಮ್ಯಾನೇಜರ್ ತಟ್ಟೆಯಲ್ಲಿ ಶಾಲು ತಂದ.

ಅವಳು ಶಾಲಿನ ಮೇಲೆ ಕೈಯಿಟ್ಟು ತಡೆದಳು. ಮೈಕು ಹತ್ತಿರವೇ ಇತ್ತು.

"ಶಾಲು ಬ್ಯಾಡ್ರಿ. ಹಿಂದಿನ ಬಾಗಲದ ಕೀಲಿಕೈ ಕೊಡ್ರಿ."

ಮ್ಯಾನೇಜರ್ ನಕ್ಕ. "ಕೀಲಿಕೈ ಯಾಕ ಬೇಕ್ರಿ ಅಕ್ಕಾರ? ಕಾರ್ಯಕ್ರಮ ಮುಗೀಲಿ ತಡೀರಿ."

"ಅವತ್ತ ನೀವು ಪ್ಯಾಟ್ಯಾಗಿದ್ರಿ. ಇವತ್ತ ಇಲ್ಲೇ ಅದೀರಿ, ಕಿಸೇದಾಗ ಐತಿ. ಕೊಡ್ರಿ."

"ಯಾವ ಬೀಗ ಅಕ್ಕಾರ? ಬಾಗಲಾ ತಗದಽ ಇರ್ತದ."

ಮಾಲೀಕರು ಸಭಾಪಾಲಕರ ಕಡೆ ತಿರುಗಿ, "ನೀವು ಪ್ರಾರ್ಥನಾ ಶುರು ಮಾಡ್ರಿ" ಎಂದರು ಅವಸರದಲ್ಲಿ. ಸಭಾಪಾಲಕರು ಎದ್ದರು. ಬೈಬಲನ್ನು ಕಂಕುಳಲ್ಲಿ ಇಟ್ಟುಕೊಂಡು ವೇದಿಕೆ ಇಳಿದರು. "ಪ್ರಾರ್ಥನಿ ಅಲ್ಲಿ ಮಾಡೂನ್ರಿ. ಅವನು ಕಲ್ಲ ತಗೊಂಡು ನಿಂತ ಜಾಗದಾಗ" ಎಂದು ಕಟ್ಟಡದ ಹಿಂದಕ್ಕೆ ನಡೆದರು. ಎಸ್ತೇರಮ್ಮ ಅವರ ಹಿಂದೆ, ಅವಳ ಹಿಂದೆ ಸಭೆಯ ಇಪ್ಪತ್ತು ಮನೆಯವರು, ಅವರ ಹಿಂದೆ ನಾವು.

ಬಾಗಿಲಿಗೆ ಬೀಗವಿತ್ತು. ಹೊಸದು, ಹೊಳೆಯುತ್ತಿತ್ತು.

ಸಭಾಪಾಲಕರು ತಲೆ ತಗ್ಗಿಸಿ ಇನ್ನೂ ಬಾಯಿ ತೆರೆದಿರಲಿಲ್ಲ, ಒಳಗಿನಿಂದ ಬಾಗಿಲು ಬಡಿದ ಸದ್ದು.

"ಯಾರ್ರೀ ಅಲ್ಲಿ?" ಮಾಬೂಬಿಯ ದನಿ. "ಪಾಸ್ಟರಪ್ಪನ ಕಾರ್ಯಕ್ರಮ ಶುರುವಾತೇನು? ನಮ್ಮನ್ನ ಕರೀತೇವಿ ಅಂದಿದ್ರು, ಯಾರೂ ಬರವಲ್ರು. ಬಾಗಲಾ ತಗೀರಿ, ನಾವೂ ಬರ್ತೀವಿ!"

ಯಾರೋ ನಕ್ಕರು. ಆ ನಗು ಅಲ್ಲಿಗೇ ನಿಂತಿತು. ಫೋಟೊದವರೆಲ್ಲ ಒಮ್ಮೆಗೇ ಬೀಗದ ಚಿತ್ರ ತೆಗೆಯತೊಡಗಿದರು. ಮ್ಯಾನೇಜರ್ ಎಲ್ಲರನ್ನೂ ದಾಟಿ ಮುಂದೆ ಬಂದು ಬೀಗ ತೆಗೆದ. ಕೀಲಿಕೈ ಅವನ ಕಿಸೆಯಲ್ಲೇ ಇತ್ತು. ಹನ್ನೊಂದು ಹೆಂಗಸರು ತಲೆಗೆ ಬಟ್ಟೆ ಸುತ್ತಿಕೊಂಡವರು, ಸೀನುತ್ತ, ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತ ಹೊರಗೆ ಬಂದರು. ಎಸ್ತೇರಮ್ಮ ಮಾಬೂಬಿಯ ಕೈ ಹಿಡಿದಳು. ಸಭಾಪಾಲಕರು ಆಗ ಪ್ರಾರ್ಥಿಸಿದರು. ಸಣ್ಣ ಪ್ರಾರ್ಥನೆ. ಅದರಲ್ಲಿ ತ್ಯಾಗ ಎಂಬ ಪದ ಬರಲಿಲ್ಲ. ನಾವು ಸುಮ್ಮನಿದ್ದದ್ದಕ್ಕೆ ಕ್ಷಮಿಸು ಎಂದು ಕೇಳಿದರು.

ಅಲ್ಲೇ ಕುರ್ಚಿಯ ಮೇಲೆ ಕೂತು ಮೊಬೈಲಿನಲ್ಲಿ ವರದಿ ಬರೆದೆ. ಮೊದಲ ವಾಕ್ಯ: 'ಕಾರ್ಮಿಕರು ಒಳಗಿರುವಾಗಲೇ ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಲಾಗಿತ್ತು.' 'ಎನ್ನಲಾಗಿದೆ' ಇಲ್ಲ, 'ತಿಳಿದುಬಂದಿದೆ' ಇಲ್ಲ. ಎರಡನೇ ವಾಕ್ಯ: 'ಆಪರೇಟರ್ ಪ್ರಭಾಕರ ಮೃತಪಟ್ಟ ದಿನವೂ ಇದೇ ಬಾಗಿಲಿಗೆ ಬೀಗವಿದ್ದದ್ದನ್ನು ಈ ವರದಿಗಾರ ಕಂಡಿದ್ದಾನೆ.' ಮೂರನೆಯದು, ಹಿಂದಿನ ವರದಿಯಲ್ಲಿ ಅದು ಪ್ರಕಟವಾಗದೆ ಹೋದದ್ದು ನಮ್ಮ ತಪ್ಪು ಎಂದು. ಫಲಕ, ಶಾಲು, ಮುಖಂಡರ ಭಾಷಣ ಎಲ್ಲವನ್ನೂ ಕೆಳಗೆ ಹಾಕಿದೆ. ಕಳಿಸಿ ಫೋನ್ ಮಾಡಿದೆ.

"ಬಾಲ ಎಷ್ಟ ಬೇಕಾದ್ರೂ ಕತ್ತರಿಸ್ರಿ ರಾಯರಽ. ತಲೀ ಮುಟ್ಟಬ್ಯಾಡ್ರಿ."

ಶ್ರೀಪಾದರಾಯರು ಫೋನ್ ಹಿಡಿದೇ ಪೂರ್ತಿ ಓದಿದರು. "ಈಗ ಬರೀಲಿಕ್ಕೆ ಕಲ್ತಿ ನೋಡು" ಎಂದರು.

ತಪ್ಪೊಪ್ಪಿಗೆಯ ವಾಕ್ಯವನ್ನು ನಮ್ಮ ಪತ್ರಿಕೆಯ ವಕೀಲರು ತೆಗೆಸಿದರು. ಮೊದಲ ಎರಡು ವಾಕ್ಯ ಉಳಿದವು. ಆ ಮೂರನೆಯದನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ, ಇಲ್ಲಿ ಅದನ್ನು ತೆಗೆಯುವವರಿಲ್ಲ. ತಪ್ಪು ನನ್ನದು. ಜಾಹೀರಾತಿನದಲ್ಲ, ಕತ್ತರಿಯದಲ್ಲ.

ವರದಿ ಬಂದ ಮೇಲೆ ಅಧಿಕಾರಿಗಳು ಬಂದು ನೋಡಿದರು. ಆ ಬಾಗಿಲಿಗೆ ಈಗ ಒಳಗಿನಿಂದ ತಳ್ಳಿದರೆ ತೆರೆಯುವ ಚಿಲಕವಿದೆ. ಹಳೆಯ ಸಾವಿನ ಕಡತವನ್ನು ಮತ್ತೆ ತೆರೆದರು, ಮ್ಯಾನೇಜರ್ ಮೇಲೆ ಪ್ರಕರಣ ನಡೆಯುತ್ತಲೇ ಇದೆ. ನಾನು ಸಾಕ್ಷಿ ಹೇಳಿ ಬಂದಿದ್ದೇನೆ, ಈ ಸಲ ಸರಿಯಾದ ಕಡೆಯಿಂದ. ಫಲಕ ಅಲ್ಲೇ ಇದೆ. ಮಾಬೂಬಿ ಅದರ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಾಳೆ. "ಪಾಸ್ಟರಪ್ಪನ್ನ ಬಿಸಲಾಗ ನಿಂದ್ರಿಸ್ಯಾರ. ಜೋಡಿಗೆ ಯಾರರ ಬೇಕಲ್ಲ" ಎನ್ನುತ್ತಾಳೆ.

ಇದನ್ನು ಇಲ್ಲಿಗೆ ಮುಗಿಸಬಹುದಿತ್ತು. ಹೋದ ತಿಂಗಳು ಬ್ಯಾಡಗಿಗೆ ಹೋಗದೇ ಇದ್ದಿದ್ದರೆ.

ನಿವೃತ್ತನಾದ ಮೇಲೆ ನನಗೊಂದು ರೂಢಿಯಾಗಿದೆ. ಆ ಕಡೆ ಹೋದಾಗ ಗೋದಾಮುಗಳ ಮುಂದಿನಿಂದ ಹೋಗುವುದಿಲ್ಲ, ಹಿಂದಿನ ಓಣಿಯಿಂದ ನಡೆಯುತ್ತೇನೆ. ಕಾಗಿನೆಲೆ ರಸ್ತೆಯ ಕಡೆಗೆ ಒಂದು ಹೊಸ ಗೋದಾಮು ಎದ್ದಿದೆ, ಬೇರೆ ಮಾಲೀಕರದು. ಹಿಂಬಾಗಿಲಿಗೆ ಹೊರಗಿನಿಂದ ಬೀಗ. ಒಳಗೆ ಹೆಂಗಸರು ಮಾತಾಡುವುದು, ನಗುವುದು ಕೇಳುತ್ತಿತ್ತು. ಕಾವಲುಗಾರನನ್ನು ಕೇಳಿದೆ. "ಕಾಯಿ ಕದೀತಾರ್ರಿ ಅಜ್ಜಾರ" ಎಂದ, ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಹೇಳುವವನಂತೆ.

ನನ್ನ ಜಾಗಕ್ಕೆ ಬಂದಿರುವ ವರದಿಗಾರ್ತಿ ಅಕ್ಷತಾಗೆ ಫೋನ್ ಮಾಡಿದೆ. ಚುರುಕಿನ ಹುಡುಗಿ, ನನಗಿಂತ ಚೆನ್ನಾಗಿ ಬರೆಯುತ್ತಾಳೆ. ಬೀಗದ ವಿಚಾರ ಹೇಳಿದೆ.

"ಯಾರಿಗರ ಏನರ ಆಗೇತೇನ್ರಿ ಸರ್?"

"ಇಲ್ಲವ್ವಾ."

"ಗ್ಯಾಸ್ ಗೀಸ್ ಲೀಕ್ ಆಗೇತೇನ್ರಿ?"

"ಇಲ್ಲ."

"ಮತ್ತ ಸುದ್ದಿ ಏನಂತ ಬರೀಲ್ರಿ? ಡೆಸ್ಕಿನ್ಯಾಗ ಕೇಳ್ತಾರ್ರಿ ಸರ್, ಯಾರು ಸತ್ತಾರ ಅಂತ."

ಬಸ್ಸಿನ ಕಂಡಕ್ಟರ್ ನೆನಪಾದ. ಎಸ್ತೇರಮ್ಮ ಬಿಟ್ಟುಹೋದ ಚೌಕಟ್ಟು ನೆನಪಾಯಿತು, ಇನ್ನೂ ನನ್ನ ಮನೆಯಲ್ಲಿದೆ.

"ಯಾರೂ ಸತ್ತಿಲ್ಲ ಅಕ್ಷತಾ" ಎಂದೆ. "ಅದಕ್ಕಽ ಲಗೂನ ಬಾ."

ಅವಳು ಬರುವವರೆಗೆ ಆ ಬಾಗಿಲ ಮುಂದೆಯೇ ನಿಂತಿದ್ದೆ.